ಚಪ್ಪಲಿ ಬಿಟ್ಟು ಲಾಗಿನ್ ಆಗುವುದು

ನಾರ್ತ್ ಸಿಡ್ನಿಯ ನಮ್ಮ ಆಫೀಸಿನಲ್ಲಿ ಸರ್ವರ್ ಇಟ್ಟಿರುವ ಕೋಣೆಯ ಮುಂದೆ ನಿಂತಾಗಲೆಲ್ಲ ನನ್ನ ಬಲಗಾಲು ತಾನಾಗಿಯೇ ಎಡಗಾಲಿನ ಶೂವಿನ ಹಿಮ್ಮಡಿಯನ್ನು ಒತ್ತುತ್ತದೆ. ಬಿಚ್ಚಲು. ಹದಿನೇಳು ವರ್ಷವಾಯಿತು ಈ ದೇಶಕ್ಕೆ ಬಂದು, ಇನ್ನೂ ಬಿಟ್ಟಿಲ್ಲ ಈ ಚಾಳಿ. ಒಮ್ಮೆ ನಿಜವಾಗಿಯೂ ಬಿಚ್ಚಿ, ಕಾಲುಚೀಲದಲ್ಲೇ ಒಳಗೆ ಹೋಗಿಬಿಟ್ಟಿದ್ದೆ. ಸೇಫ್ಟಿ ನೋಡಿಕೊಳ್ಳುವ ಹೆಂಗಸು ಅದನ್ನು ಕಂಡು ಒಂದು ಫಾರಂ ತುಂಬಿಸಿದಳು. ‘ಕಾರಣ’ ಎಂಬ ಅಂಕಣದಲ್ಲಿ ಏನು ಬರೆಯಬೇಕೆಂದು ತೋಚದೆ ‘ಅಭ್ಯಾಸ’ ಎಂದು ಬರೆದೆ. ಅವಳು ಅದನ್ನು ಓದಿ, ನನ್ನ ಮುಖ ನೋಡಿ, ಫಾರಂ ಮಡಿಸಿ ಫೈಲಿಗೆ ಸೇರಿಸಿದಳು.

ನಿಮಗಾದರೆ ವಿವರಿಸಬೇಕಿಲ್ಲ. ನಮ್ಮ ಕಾಲದಲ್ಲಿ ಕಂಪ್ಯೂಟರ್ ಲ್ಯಾಬೆಂದರೆ ಗರ್ಭಗುಡಿ ಇದ್ದಂತೆ. ಬಾಗಿಲ ಮೇಲೆ ‘ಚಪ್ಪಲಿ ಹೊರಗೆ ಬಿಡಿ’ ಎಂಬ ಹಲಗೆ. ಧೂಳು ಹೋದರೆ ಯಂತ್ರ ಕೆಡುತ್ತದೆ ಎಂದು ಹೇಳುತ್ತಿದ್ದರು. ಬರಿಗಾಲಿಗೂ ಧೂಳು ಇರುತ್ತದೆ ಎಂದು ಯಾರೂ ಕೇಳಿರಲಿಲ್ಲ. ಊರಿಗೆಲ್ಲ ಬಿಸಿಲು ಹೊಡೆಯುತ್ತಿದ್ದರೆ ಅಲ್ಲಿ ಎಸಿ. ಮೈಸೂರಿನ ಏಪ್ರಿಲ್ ತಿಂಗಳಲ್ಲಿ ಸ್ವೆಟರು ಚೀಲದಲ್ಲಿ ಹಾಕಿಕೊಂಡು ಕಾಲೇಜಿಗೆ ಹೋಗುತ್ತಿದ್ದವರು ನಾವು.

ಆ ಬಾಗಿಲಲ್ಲಿ ಸ್ಟೂಲು ಹಾಕಿಕೊಂಡು ಶಿವಣ್ಣ ಕೂತಿರುತ್ತಿದ್ದರು. ಲ್ಯಾಬಿನ ಅಟೆಂಡರ್. ಐವತ್ತು ದಾಟಿದ್ದ ಆಳು, ಖಾಕಿ ಅಂಗಿ, ಜೇಬಿನಲ್ಲಿ ಬೀಗದ ಕೈಗೊಂಚಲು. ಚಪ್ಪಲಿಗಳನ್ನು ಜೊತೆ ಮಾಡಿ ಸಾಲಾಗಿಡುವುದು, ರಿಜಿಸ್ಟರಿನಲ್ಲಿ ಸಹಿ ಹಾಕಿಸುವುದು, ಸಂಜೆ ಟೇಪ್ ಹಾಕಿ ಆ ದಿನದ ಕೆಲಸವನ್ನೆಲ್ಲ ನಕಲು ತೆಗೆಯುವುದು ಅವರ ಕೆಲಸ. ಅದಕ್ಕೆ ಬೇಕಾದ ಮೂರು ಆಜ್ಞೆಗಳನ್ನು ಒಂದು ರಟ್ಟಿನ ಮೇಲೆ ಬರೆದುಕೊಡಲಾಗಿತ್ತು. ಶಿವಣ್ಣನಿಗೆ ಇಂಗ್ಲಿಷ್ ಓದಲು ಬರುತ್ತಿರಲಿಲ್ಲ. ರಟ್ಟಿನ ಮೇಲಿನ ಅಕ್ಷರದ ಆಕಾರವನ್ನೂ ಕೀಲಿಮಣೆಯ ಅಕ್ಷರದ ಆಕಾರವನ್ನೂ ಹೋಲಿಸಿ, ಒಂದೊಂದನ್ನೇ ತೋರುಬೆರಳಿನಿಂದ ಒತ್ತುತ್ತಿದ್ದರು. ಒಂಬತ್ತು ವರ್ಷದಲ್ಲಿ ಒಂದು ದಿನವೂ ತಪ್ಪಿರಲಿಲ್ಲ. ಒಂಬತ್ತು ವರ್ಷವೂ ದಿನಗೂಲಿಯ ಮೇಲೆಯೇ ಇದ್ದರು, ಇಂದೋ ನಾಳೆಯೋ ಕಾಯಂ ಆಗುತ್ತದೆ ಎಂದುಕೊಂಡು.

ಅವರ ಖಾಕಿ ಅಂಗಿಗೆ ಇಸ್ತ್ರಿ ಹಾಕುತ್ತಿದ್ದವನು ನನ್ನ ಅಪ್ಪ. ಕಾಲೇಜಿನ ಕ್ವಾರ್ಟರ್ಸ್ ಗೇಟಿನ ಎದುರು, ಹೊಂಗೆ ಮರದ ಕೆಳಗೆ ಅಪ್ಪನ ಇಸ್ತ್ರಿ ಗಾಡಿ. ಇದ್ದಿಲಿನ ಹಿತ್ತಾಳೆ ಪೆಟ್ಟಿಗೆ. ಮೇಷ್ಟ್ರುಗಳ ಅಂಗಿಗಳನ್ನು ಅಪ್ಪ ಮುಖ ನೋಡದೆ ಗುರುತಿಸುತ್ತಿದ್ದ: ಇದು ಕೆಮಿಸ್ಟ್ರಿಯವರದು, ತೋಳಿನ ಹತ್ತಿರ ತೂತು, ಇದು ಶೇಷಾದ್ರಿ ಮೇಷ್ಟ್ರದು, ಜೇಬಿನಲ್ಲಿ ಯಾವಾಗಲೂ ಒಂದು ಚೂರು ಸೀಮೆಸುಣ್ಣ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಹೈಸ್ಕೂಲು ದಾಟಿದವರಿರಲಿಲ್ಲ. ನನಗೆ ಎಂಜಿನಿಯರಿಂಗ್ ಸೀಟು ಸಿಕ್ಕಾಗ ಅಪ್ಪ ಮಾಡಿದ ಸಂಭ್ರಮವೆಂದರೆ, ಆ ದಿನ ಗಾಡಿಗೆ ರಜೆ ಹಾಕಿ ತನ್ನ ಸ್ವಂತ ಅಂಗಿಗೆ ಇಸ್ತ್ರಿ ಹಾಕಿಕೊಂಡದ್ದು. ಅದು ಅವನು ತನಗಾಗಿ ಹಾಕಿದ ಮೊದಲ ಇಸ್ತ್ರಿ ಇರಬೇಕು.

ಶೇಷಾದ್ರಿ ಸರ್ ಲ್ಯಾಬಿನ ಮುಖ್ಯಸ್ಥರು. ಇಸ್ತ್ರಿ ಗಾಡಿಯ ಮಗಳೆಂದು ತಿಳಿದೇ ನನ್ನನ್ನು ಕರೆದು, “ಏನಮ್ಮಾ ಪುಷ್ಪ, ಶನಿವಾರ ಬಂದು ಟೇಪ್ ಲೆಕ್ಕ ನೋಡ್ಕೋತೀಯ? ಬದಲಿಗೆ ಎಷ್ಟು ಹೊತ್ತು ಬೇಕಾದ್ರೂ ಟರ್ಮಿನಲ್ ಮುಂದೆ ಕೂತ್ಕೋ” ಅಂದರು. ಇಬ್ಬರು ಹುಡುಗರ ನಡುವೆ ವಾರಕ್ಕೊಂದು ಗಂಟೆ ಸಿಗುತ್ತಿದ್ದ ಆ ಯುನಿಕ್ಸ್ ಯಂತ್ರ ನನಗೆ ಪೂರ್ತಿ ಸಿಕ್ಕಿತು. ‘ಆಪರೇಟರ್’ ಎಂಬ ಹೆಸರಿನ ಖಾತೆಯ ಪಾಸ್‌ವರ್ಡ್ ಹೇಳಿಕೊಟ್ಟರು. ಅದು ಗೊತ್ತಿದ್ದವರು ಮೂರೇ ಜನ: ಸರ್, ಶಿವಣ್ಣ, ನಾನು.

ಈ ಹಳೆಯದನ್ನೆಲ್ಲ ಈಗ ಕೆದಕುತ್ತಿರುವುದಕ್ಕೆ ಕಾರಣ ವಾಣಿಯ ಫೋನು. ವಾಣಿ ಎಂದರೆ ಶೇಷಾದ್ರಿ ಸರ್ ಅವರ ಮಗಳು, ಮೆಲ್ಬರ್ನಿನ ವಿಂಡಮ್ ವೇಲ್‌ನಲ್ಲಿ ಮನೆ. ಅಮ್ಮ ತೀರಿಕೊಂಡ ಮೇಲೆ ಅಪ್ಪನನ್ನು ಕರೆಸಿಕೊಂಡಿದ್ದಳು. ಕಳೆದ ಜೂನಿನಲ್ಲಿ, ಇಲ್ಲಿನ ಚಳಿಗಾಲದ ಶುರುವಿನಲ್ಲಿ, ಒಂದು ಭಾನುವಾರ ಬೆಳಗ್ಗೆ ಫೋನ್ ಮಾಡಿದಳು.

“ಪುಷ್ಪಕ್ಕ, ಅಪ್ಪ ಇವತ್ತೂ ಲ್ಯಾಬ್ ಕೀ ಕೇಳಿದ್ರು. ನನ್ನನ್ನ ಮೇಡಂ ಅಂತಾರೆ. ಸ್ಪೆಷಲಿಸ್ಟ್ ಹೇಳಿದ್ರು, ಹಳೇದು ಏನಾದ್ರೂ ಕೈಗೆ ಕೊಡಿ, ಫೆಮಿಲಿಯರ್ ಆಗಿರೋದು ಅಂತ. ನಾನು ವೀಣೆ ಹಾಡು ಹಾಕ್ದೆ. ಆಫ್ ಮಾಡಿ ಅಂದ್ರು.”

“ಸರ್‌ಗೆ ಸಂಗೀತ ಯಾವತ್ತೂ ಆಗ್ತಿರ್ಲಿಲ್ಲ ಕಣೇ.”

“ಮತ್ತೆ ಏನು ಕೊಡ್ಲಿ? ನಿಮಗೇ ಗೊತ್ತಿರ್ಬೇಕು. ನಿನ್ನೆ ಕೇಳ್ತಿದ್ರು, ಶಿವಣ್ಣ ಬಂದ್ನಾ ಅಂತ. ಯಾರು ಅಕ್ಕ ಶಿವಣ್ಣ?”

“ಲ್ಯಾಬಲ್ಲಿದ್ರು” ಎಂದಷ್ಟೇ ಹೇಳಿದೆ.

ಹೇಳಬೇಕಾದದ್ದು ಅಷ್ಟೇ ಅಲ್ಲ. ಮೂರನೆಯ ವರ್ಷದಲ್ಲಿ ನನಗೆ ಲ್ಯಾಬಿನ ಹೊತ್ತೂ ಸಾಲದಾಯಿತು. ಐದಕ್ಕೆ ನಮ್ಮನ್ನೆಲ್ಲ ಹೊರಗೆ ಕಳಿಸಿಬಿಡುತ್ತಿದ್ದರು. ಲೈಬ್ರರಿಯಲ್ಲಿ ಒಂದು ಟರ್ಮಿನಲ್ ಇತ್ತು, ಬರೀ ಪರದೆ ಮತ್ತು ಕೀಲಿಮಣೆ, ಏಳರವರೆಗೆ. ಅಲ್ಲಿಂದ ಲ್ಯಾಬಿನ ಯಂತ್ರಕ್ಕೆ ದೂರದಿಂದಲೇ ಲಾಗಿನ್ ಆಗಬಹುದಿತ್ತು. ಆದರೆ ಪಾಸ್‌ವರ್ಡ್ ಒತ್ತುವಾಗ ಹುಡುಗರು ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಅವರು ಪಾಸ್‌ವರ್ಡ್ ಕದಿಯಬಾರದೆಂದು ನಾನು ಮಾಡಿದ ಬುದ್ಧಿವಂತಿಕೆ ಇದು: ಆಪರೇಟರ್ ಖಾತೆಯ ಒಂದು ಸಣ್ಣ ಕಡತದಲ್ಲಿ ಎರಡು ಪ್ಲಸ್ ಗುರುತು ಬರೆದೆ. ಅದರ ಅರ್ಥ, ಯಾವ ಯಂತ್ರದಿಂದ ಯಾರೇ ಬಂದರೂ ಪಾಸ್‌ವರ್ಡ್ ಕೇಳದೆ ಒಳಗೆ ಬಿಡು. ಕಳ್ಳನಿಗೆ ಹೆದರಿ ಬೀಗದ ಕೈ ಮುಚ್ಚಿಡುವ ಭರದಲ್ಲಿ ಬಾಗಿಲನ್ನೇ ಕಿತ್ತಿಟ್ಟೆ. ಆಗ ನನಗದು ಹೊಳೆಯಲೇ ಇಲ್ಲ. ಹೆಮ್ಮೆಯಾಗಿತ್ತು ಕೂಡ.

ದಸರಾ ರಜೆಗೆ ಮುಂಚಿನ ಗುರುವಾರ, ಯಾರೋ ಆ ಬಾಗಿಲಿನಿಂದ ಒಳಗೆ ಬಂದು ಕೊನೆಯ ವರ್ಷದವರ ಪ್ರಾಜೆಕ್ಟುಗಳನ್ನೆಲ್ಲ ಅಳಿಸಿಹೋದರು. ಟೇಪಿನಲ್ಲಿದ್ದ ಹಳೆಯ ನಕಲಿನ ಮೇಲೂ ಆ ಸಂಜೆ ಖಾಲಿ ನಕಲೇ ಕೂತಿತು. ಬೇಕೆಂದೇ ಮಾಡಿದರೋ ಆಟಕ್ಕೆ ಮಾಡಿದರೋ ಇಂದಿಗೂ ಗೊತ್ತಿಲ್ಲ. ಅಳಿಸಿದ್ದು ಆಪರೇಟರ್ ಎಂದಷ್ಟೇ ದಾಖಲೆ ಹೇಳುತ್ತಿತ್ತು. ಅಳಿಸಿದ ಹೊತ್ತು ಸಂಜೆ ಐದೂಕಾಲು, ಶಿವಣ್ಣ ಟೇಪ್ ಹಾಕುವ ಹೊತ್ತು.

ವಿಚಾರಣೆ ಎಂದರೆ ಅರ್ಧ ಗಂಟೆ. “ಓದಕ್ಕೆ ಬರಲ್ಲ, ಏನೋ ಒತ್ತಿದಾನೆ” ಎಂದರು ಯಾರೋ. ನನ್ನನ್ನು ಯಾರೂ ಕೇಳಲಿಲ್ಲ. ಕೇಳಿದ್ದರೆ ಹೇಳುತ್ತಿದ್ದೆ ಎಂದು ಎಷ್ಟೋ ವರ್ಷ ನನಗೆ ನಾನೇ ಹೇಳಿಕೊಂಡಿದ್ದೇನೆ. ಸುಳ್ಳು. ಕೇಳುವ ಮೊದಲೇ ನಾನು ಆ ಎರಡು ಪ್ಲಸ್ಸುಗಳನ್ನು ಅಳಿಸಿಯಾಗಿತ್ತು.

ಹೊರಗೆ ಸ್ಟೂಲಿನ ಮೇಲೆ ಶಿವಣ್ಣ ರಟ್ಟು ಹಿಡಿದುಕೊಂಡು ಕೂತಿದ್ದರು. ನನ್ನನ್ನು ಕಂಡು ಎದ್ದರು. “ನೋಡವ್ವ, ಇದ್ರಲ್ಲಿರೋದ್ನೇ ಒತ್ತಿವ್ನಿ. ನೀ ಓದೋಳು, ನೋಡು. ಇಲ್ಲ ನಾನೇ ಯಾವ್ದಾರ ಬಿಟ್ಬುಟ್ನಾ?” ಅವರಿಗೇ ತಮ್ಮ ಮೇಲೆ ಅನುಮಾನ ಬಂದುಬಿಟ್ಟಿತ್ತು. ನಾನು ರಟ್ಟನ್ನು ಕೈಗೆ ತೆಗೆದುಕೊಂಡು ಓದಿದಂತೆ ಮಾಡಿ, ಹಿಂದೆ ಕೊಟ್ಟೆ. “ಗೊತ್ತಾಗ್ತಿಲ್ಲ ಶಿವಣ್ಣ” ಎಂದೆ. ನನ್ನ ಚಪ್ಪಲಿಯನ್ನು ಆ ದಿನವೂ ಅವರು ಜೊತೆ ಮಾಡಿ ಇಟ್ಟಿದ್ದರು.

ದಸರಾ ಮುಗಿದು ಬಂದಾಗ ಸ್ಟೂಲು ಖಾಲಿ. ಅಪ್ಪ ಒಂದು ಸಂಜೆ ಕೇಳಿದ, “ಶಿವಣ್ಣನ ಖಾಕಿ ಬರ್ತಾ ಇಲ್ವಲ್ಲ ಮಗಾ, ಯಾಕಂತೆ?” ನಾನು ಪುಸ್ತಕದಿಂದ ತಲೆಯೆತ್ತದೆ ಗೊತ್ತಿಲ್ಲ ಎಂದೆ. ಘಟಿಕೋತ್ಸವದ ದಿನ ಬಾಡಿಗೆಗೆ ತಂದ ಕಪ್ಪು ಗೌನಿಗೆ ಅಪ್ಪ ನೀರು ಚಿಮುಕಿಸಿ, ಒಳಮಗ್ಗುಲಿಗೂ ಇಸ್ತ್ರಿ ಹಾಕಿದ. ಯಾರಿಗೂ ಕಾಣದ ಒಳಮಗ್ಗುಲು. ಆ ಪದವಿಯ ಮೇಲೆ ನನಗೆ ಇಂದಿಗೂ ಹೆಮ್ಮೆಯಿದೆ, ಅದನ್ನು ಮುಚ್ಚಿಡುವುದಿಲ್ಲ. ಆದರೆ ನನ್ನ ಹೆಮ್ಮೆಯ ಒಳಮಗ್ಗುಲಿನಲ್ಲಿ ಏನಿದೆಯೆಂದು ನನಗೊಬ್ಬಳಿಗೇ ಗೊತ್ತು.

ಈ ದೇಶದಲ್ಲಿ ಕಾಯಂ ನೆಲೆಸಲು ಪಿಆರ್ ಸಿಕ್ಕ ವರ್ಷ ಮೈಸೂರಿಗೆ ಹೋದಾಗ ಶಿವಣ್ಣನನ್ನು ಹುಡುಕಿಕೊಂಡು ಹೋದೆ. ಯಾವುದೋ ಕಾರ್ಖಾನೆಯಲ್ಲಿ ವಾಚ್‌ಮನ್ ಆಗಿದ್ದರಂತೆ. ತೀರಿಕೊಂಡು ಎರಡು ವರ್ಷವಾಗಿತ್ತು. ಅಪ್ಪನೂ ಈಗಿಲ್ಲ. ಈ ವಿಷಯ ಹೇಳಿದರೆ ‘ಯಾವ ಶಿವಣ್ಣ’ ಎಂದು ಕೇಳದೆ ಇರುವ ಮನುಷ್ಯ ಈ ಭೂಮಿಯ ಮೇಲೆ ಒಬ್ಬರೇ ಉಳಿದಿದ್ದರು. ಅವರೂ ಮಗಳನ್ನು ಮೇಡಂ ಎಂದು ಕರೆಯತೊಡಗಿದ್ದರು. ಸರ್ ಪೂರ್ತಿ ಮರೆಯುವ ಮುಂಚೆ ಹೇಳಿಬಿಡಬೇಕು ಎನಿಸಿತು.

ಸಿಡ್ನಿಯದೇ ಲಿವರ್‌ಪೂಲ್ ಬಡಾವಣೆ ಕಡೆ ಒಬ್ಬ ಮುದುಕ ತನ್ನ ಗರಾಜ್ ಖಾಲಿ ಮಾಡುತ್ತಿದ್ದಾನೆಂದು ಆಫೀಸಿನಲ್ಲಿ ಯಾರೋ ಹೇಳಿದರು. ಹೋಗಿ ನೋಡಿದರೆ ನಮ್ಮ ಲ್ಯಾಬಿನಲ್ಲಿದ್ದ ಜಾತಿಯದೇ ಯಂತ್ರ. ಹಳದಿಗಟ್ಟಿದ ಪೆಟ್ಟಿಗೆ, ಎರಡು ಆಳು ಹೊರಬೇಕಾದ ಮಾನಿಟರು. “ಇದಕ್ಕೆ ಮನೆ ಸಿಗುತ್ತೆ ಅಂದ್ಕೊಂಡಿರಲಿಲ್ಲ” ಎಂದು ಆತ ತಾನೂ ಒಂದು ಕಡೆ ಹಿಡಿದು ಕಾರಿನವರೆಗೂ ಹೊತ್ತು ತಂದುಕೊಟ್ಟ. ಅದನ್ನು ಕಂಬಳಿಯಲ್ಲಿ ಸುತ್ತಿ, ಹಿಂದಿನ ಸೀಟಿನಲ್ಲಿ ಕೂರಿಸಿ, ಸೀಟ್ ಬೆಲ್ಟ್ ಹಾಕಿ, ಮೆಲ್ಬರ್ನಿಗೆ ಹೊರಟೆ. ನನ್ನ ಮಗಳು ಕಾರಿನ ಕಿಟಕಿಯಲ್ಲಿ ಬಗ್ಗಿ ನೋಡಿ, “ಮಮ್, ಯು ನೆವರ್ ಡ್ರೋವ್ ಮೀ ದಟ್ ಕೇರ್‌ಫುಲ್ಲಿ” ಎಂದಳು. ಇಡೀ ದಿನದ ದಾರಿ. ದಾರಿಯುದ್ದಕ್ಕೂ ಹೇಳಬೇಕಾದ ಮಾತನ್ನು ಜೋಡಿಸಿಕೊಂಡೆ. ರಾಜ್ಯದ ಗಡಿಯಲ್ಲಿರುವ ಆಲ್ಬರಿ ಊರು ದಾಟುವ ಹೊತ್ತಿಗೆ ಚೆನ್ನಾಗಿ ಬಾಯಿಪಾಠವಾಗಿತ್ತು.

ವಾಣಿಯ ಮನೆಯ ಗರಾಜ್‌ನಲ್ಲಿ ಮೇಜು ಹಾಕಿ ಯಂತ್ರವನ್ನು ಇಟ್ಟೆವು. ಸರ್ ಒಳಗಿನಿಂದ ಬಂದರು. ಸ್ವೆಟರಿನ ಗುಂಡಿ ಒಂದು ಮೇಲೆ ಒಂದು ಕೆಳಗೆ. ನನ್ನನ್ನು ನೋಡಿದರು, ಗುರುತು ಹತ್ತಲಿಲ್ಲ. ಯಂತ್ರವನ್ನು ನೋಡಿದರು. ಹೊಸ್ತಿಲ ಆಚೆಯೇ ನಿಂತು, ಗೋಡೆ ಹಿಡಿದುಕೊಂಡು, ಒಂದೊಂದಾಗಿ ಎರಡೂ ಚಪ್ಪಲಿ ಬಿಟ್ಟರು. ಸಿಮೆಂಟು ನೆಲ ಮಂಜಿನಂತೆ ತಣ್ಣಗಿತ್ತು.

“ಅಪ್ಪಾ, ಕೋಲ್ಡ್ ಇದೆ! ಸ್ಲಿಪ್ಪರ್ಸ್ ಹಾಕ್ಕೊಳ್ಳಿ!”

“ಬೋರ್ಡ್ ಕಾಣಲ್ವೇನ್ರೀ ಮೇಡಂ?” ಎಂದರು ಸರ್.

ನಾನೂ ಶೂ ಬಿಚ್ಚಿದೆ. ಆಗ ಸರ್ ನನ್ನ ಕಡೆ ತಿರುಗಿ, “ಏನಮ್ಮಾ ಪುಷ್ಪ, ಲೇಟು” ಎಂದರು. ವಾಣಿ ಒಳಗೆ ಓಡಿಹೋದಳು. ಅತ್ತಿದ್ದು ಕೇಳಿಸಿತು.

ಯಂತ್ರ ಏಳಲು ಹತ್ತು ನಿಮಿಷ ಬೇಕಾಯಿತು. ಇವಕ್ಕೊಂದು ರೋಗವಿದೆ: ಈ ಶತಮಾನದ ವರ್ಷಗಳನ್ನು ಇವು ಒಪ್ಪುವುದಿಲ್ಲ. ಹಾಗಾಗಿ ಇಂಥವನ್ನು ಸಾಕುವವರೆಲ್ಲ ಗಡಿಯಾರವನ್ನು ಇಪ್ಪತ್ತೆಂಟು ವರ್ಷ ಹಿಂದಕ್ಕೆ ತಿರುಗಿಸಿಡುತ್ತಾರೆ. ಇಪ್ಪತ್ತೆಂಟೇ ಏಕೆಂದರೆ, ಆಗ ವಾರ ತಾರೀಕು ಎರಡೂ ಸರಿಯಾಗಿ ಕೂರುತ್ತವೆ. ಇಂದು ಶನಿವಾರವಾದರೆ ಅಂದೂ ಶನಿವಾರ. ನಾನೂ ಹಾಗೇ ಮಾಡಿದೆ. ಆ ವರ್ಷ ನಾನು ಮೂರನೆಯ ವರ್ಷದಲ್ಲಿದ್ದೆ ಎಂಬುದು ಗೊತ್ತೇ ಇತ್ತು. ಗೊತ್ತಿದ್ದೂ ಅದರ ಬಗ್ಗೆ ಯೋಚಿಸಲಿಲ್ಲ.

ಆಮೇಲೆ ದೂರದಿಂದ ಲಾಗಿನ್ ಆಗುವ ವ್ಯವಸ್ಥೆ. ಸಿಡ್ನಿಯಿಂದ ನಾನು ಇದಕ್ಕೆ ಬರಬೇಕಲ್ಲ. ಈ ಮುದಿ ಯಂತ್ರಕ್ಕೆ ಇವತ್ತಿನ ಬೀಗಗಳು ಗೊತ್ತಿಲ್ಲ, ನೇರವಾಗಿ ಇಂಟರ್‌ನೆಟ್ಟಿಗೆ ಬಿಟ್ಟರೆ ಒಂದು ಗಂಟೆಯೂ ಬಾಳುವುದಿಲ್ಲ. ಅದಕ್ಕೇ ಅದರ ಮುಂದೆ ಅಂಗೈಯಗಲದ ಹೊಸ ಪೆಟ್ಟಿಗೆಯೊಂದನ್ನು ಕಾವಲಿಗೆ ಕೂರಿಸಿದೆ. ನಂತರ ಹಳೆಯದರೊಳಗೆ ಹೋಗಿ ಸೇವೆಗಳ ಪಟ್ಟಿ ತೆರೆದೆ. ಸಾಲಿನ ಮುಂದೆ ಹ್ಯಾಶ್ ಗುರುತಿದ್ದರೆ ಆ ಬಾಗಿಲು ಮುಚ್ಚಿದೆ ಎಂದರ್ಥ. ಲಾಗಿನ್ನಿನದೊಂದು, ‘ಟಾಕ್’ನದೊಂದು, ಎರಡು ಹ್ಯಾಶ್ ಅಳಿಸಿದೆ. ಟಾಕ್ ಅಂದರೆ ಇಬ್ಬರು ಒಂದೇ ಯಂತ್ರದಲ್ಲಿ ಕೂತು ಬರೆದುಕೊಂಡು ಮಾತಾಡುವ ಹಳೆಯ ಉಪಾಯ. ಯಂತ್ರ ಆರಿಸಿ ಹಚ್ಚೋಣವೆಂದು ಕೈ ಚಾಚಿದ್ದೆ.

ಹಿಂದಿನಿಂದ ಸರ್, “ರೀಬೂಟ್ ಯಾಕಮ್ಮ? ಹಪ್ ಕೊಡು, ಪಟ್ಟಿ ತಾನೇ ಓದ್ಕೊಳತ್ತೆ. ಮೂರು ವರ್ಷದಿಂದ ಏನು ಕಲ್ತೆ?”

ಕಿಲ್ ಎಂಬ ಆಜ್ಞೆಯಲ್ಲೇ ಹಪ್ ಎಂಬ ಒಂದು ಬಗೆಯಿದೆ, ಅದು ಕೊಲ್ಲುವುದಿಲ್ಲ. ಎಬ್ಬಿಸಿ ಪಟ್ಟಿ ಮತ್ತೊಮ್ಮೆ ಓದಿಸುತ್ತದೆ. ನಾನು ಮರೆತಿದ್ದೆ. ಬೆಳಗ್ಗೆ ತಿಂಡಿ ತಿಂದದ್ದು ನೆನಪಿಲ್ಲದ ಸರ್ ಮರೆತಿರಲಿಲ್ಲ.

ಕೊನೆಯದಾಗಿ ಉಳಿದದ್ದು ಆ ಸಣ್ಣ ಕಡತ. ಪಾಸ್‌ವರ್ಡ್ ಬೇಡವೆಂದರೆ ಎರಡು ಪ್ಲಸ್ ಬರೆದರಾಯಿತು. ಈಗ ಕಾವಲಿನ ಪೆಟ್ಟಿಗೆಯೂ ಇದೆ, ಯಾರೂ ಬರುವುದಿಲ್ಲ. ಬೆರಳು ಪ್ಲಸ್ಸಿನ ಮೇಲೆ ಹೋಗಿ ನಿಂತಿತು. ಸರ್ ಪಕ್ಕದಲ್ಲೇ ಕೂತಿದ್ದರು. ಹೇಳುವುದಾದರೆ ಅದೇ ಸಮಯ. “ಸರ್, ಇಲ್ಲಿ ಎರಡು ಪ್ಲಸ್ ಬರೆದವಳು ನಾನು” ಎಂದರೆ ಮುಗಿಯುತ್ತಿತ್ತು. ಕಡತ ಮುಚ್ಚಿದೆ. ಪಾಸ್‌ವರ್ಡನ್ನೇ ಇಟ್ಟೆ. ಎರಡು ದಿನವಿದ್ದೆ, ವಾಣಿಯ ಬಿಸಿಬೇಳೆಬಾತ್ ತಿಂದೆ, ಬಾಯಿಪಾಠ ಮಾಡಿದ ಮಾತನ್ನು ಹಾಗೇ ಕಾರಿನಲ್ಲಿ ಕೂರಿಸಿಕೊಂಡು ಸಿಡ್ನಿಗೆ ಹಿಂದಿರುಗಿದೆ. ದೂರದ ಲಾಗಿನ್ ಮಾಡಿಟ್ಟದ್ದು ಸರ್‌ಗಾಗಿ ಎಂದು ವಾಣಿ ನಂಬಿದ್ದಾಳೆ. ಮುಖ ನೋಡಿ ಹೇಳಲಾಗದವಳು ತನಗಾಗಿ ಮಾಡಿಕೊಂಡ ಅನುಕೂಲ ಅದು.

ಪ್ರತಿ ಭಾನುವಾರ ಬೆಳಗ್ಗೆ ಹತ್ತಕ್ಕೆ ಕೂರುತ್ತಿದ್ದೆವು. ಸರ್ ಗರಾಜ್‌ನಲ್ಲಿ, ನಾನು ಸಿಡ್ನಿಯ ಮನೆಯಲ್ಲಿ. ಟಾಕ್‌ನಲ್ಲಿ ಪರದೆ ಅಡ್ಡಕ್ಕೆ ಎರಡು ಭಾಗವಾಗುತ್ತದೆ, ಮೇಲೆ ನಾನು, ಕೆಳಗೆ ಅವರು. ಬರೆದು ಮುಗಿಸಿ ಕಳಿಸುವುದಲ್ಲ. ಒತ್ತಿದ ಒಂದೊಂದು ಅಕ್ಷರವೂ ಒತ್ತಿದ ಹಾಗೇ ಆಚೆ ಕಾಣುತ್ತದೆ. ತಪ್ಪಿದ್ದು, ಅಳಿಸಿದ್ದು, ಸುಮ್ಮನೆ ಕೂತದ್ದು ಎಲ್ಲವೂ. ಕನ್ನಡವನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುತ್ತಿದ್ದೆವು. ಎಸಿ ಜಾಸ್ತಿಯಾಗಿದೆ ಎನ್ನುತ್ತಿದ್ದರು. ಇಂಟರ್ನಲ್ಸ್ ಪರೀಕ್ಷೆ ಯಾವಾಗ ಎನ್ನುತ್ತಿದ್ದರು. ನಾನು ಹೊಂದಿಸಿಕೊಂಡು ಉತ್ತರ ಬರೆಯುತ್ತಿದ್ದೆ. “ನಿಮ್ಮಪ್ಪನಿಗೆ ಹೇಳು, ಕಾಲರ್‌ಗೆ ಗಂಜಿ ಕಮ್ಮಿ ಹಾಕು ಅಂತ” ಎಂದು ಒಮ್ಮೆ ಬರೆದರು. ಹೇಳ್ತೀನಿ ಸರ್ ಎಂದು ಬರೆದು, ಎದ್ದು ಹೋಗಿ ಮುಖ ತೊಳೆದುಕೊಂಡು ಬಂದೆ.

ವಾರದಿಂದ ವಾರಕ್ಕೆ ಅವರ ಅಕ್ಷರಗಳ ನಡುವಿನ ಬಿಡುವು ಉದ್ದವಾಗುತ್ತ ಹೋಯಿತು. ಆಗಸ್ಟಿನ ಒಂದು ಭಾನುವಾರ ನನ್ನ ಹೆಸರಿನ ಮೂರು ಇಂಗ್ಲಿಷ್ ಅಕ್ಷರ ಬರೆದು, ಮುಂದಿನದು ಸಿಗದೆ, ಅಳಿಸಿ, ‘ಅಮ್ಮ’ ಎಂದಷ್ಟೇ ಬರೆದರು. ಇನ್ನು ತಡ ಮಾಡುವಂತಿರಲಿಲ್ಲ.

ಬರೆದೆ. ಬಾಯಿಪಾಠ ಮಾಡಿದ್ದು ಒಂದೂ ಬರಲಿಲ್ಲ. “ಸರ್, ದಸರಾ ರಜೆ ಮುಂಚಿನ ಗುರುವಾರ ಪ್ರಾಜೆಕ್ಟ್ ಎಲ್ಲ ಅಳಿಸಿ ಹೋಯ್ತಲ್ಲ. ಶಿವಣ್ಣ ಮಾಡಿದ್ದಲ್ಲ. ಆಪರೇಟರ್ ಅಕೌಂಟಲ್ಲಿ ಎರಡು ಪ್ಲಸ್ ಹಾಕಿ ತೆರೆದಿಟ್ಟಿದ್ದು ನಾನು. ಆಮೇಲೆ ಅಳಿಸಿದ್ದೂ ನಾನೇ. ಅವರ ಕೆಲಸ ಹೋಗಿದ್ದು ನನ್ನಿಂದ.” ಒಂದೊಂದು ಅಕ್ಷರವೂ ಒತ್ತಿದ ಹಾಗೇ ವಿಂಡಮ್ ವೇಲ್‌ನ ಗರಾಜ್‌ನಲ್ಲಿ ಮೂಡುತ್ತಿತ್ತು. ನಡುವೆ ನಾಲ್ಕು ಸಲ ಅಳಿಸಿದೆ. ಅದೂ ಅವರಿಗೆ ಕಂಡಿರಬೇಕು.

ಕೆಳಗಿನ ಅರ್ಧ ಖಾಲಿಯಾಗಿತ್ತು. ಆಮೇಲೆ ಸಂಪರ್ಕ ಮುಚ್ಚಿತೆಂದು ಯಂತ್ರ ಹೇಳಿತು. ಎದ್ದುಹೋದರು ಅಂದುಕೊಂಡೆ. ಅವರಿಗೆ ಆ ಹಕ್ಕಿತ್ತು.

ಎರಡು ನಿಮಿಷದ ಮೇಲೆ ಟಣ್ ಎಂದು ಗಂಟೆ. ಸರ್ ಮತ್ತೆ ಕರೆಯುತ್ತಿದ್ದರು. ಒಪ್ಪಿದೆ. ಪರದೆ ಮತ್ತೆ ಎರಡು ಭಾಗವಾಯಿತು.

“ಡೇಟ್ ಅಂತ ಹೊಡೆದು ತಾರೀಕು ನೋಡಿದೆ” ಎಂದು ಬರೆದರು. ಬಿಡುವು. “ಇವತ್ತು ಆಗಸ್ಟ್.” ಬಿಡುವು. “ದಸರಾ ಎಲ್ಲಿ ಬಂತಮ್ಮ ಇನ್ನೂ?”

ಯಂತ್ರ ಸುಳ್ಳು ಹೇಳಿರಲಿಲ್ಲ. ಇಪ್ಪತ್ತೆಂಟು ವರ್ಷ ಹಿಂದಕ್ಕೆ ತಿರುಗಿಸಿ ನಾನೇ ಕೂರಿಸಿದ ವರ್ಷ ಅದು. ಆ ವರ್ಷದ ಆಗಸ್ಟಿನಲ್ಲಿ ಏನೂ ಅಳಿಸಿರಲಿಲ್ಲ. ಶಿವಣ್ಣನ ಕೆಲಸ ಹೋಗಿರಲಿಲ್ಲ. ಕ್ವಾರ್ಟರ್ಸ್ ಗೇಟಿನ ಎದುರು ಹೊಂಗೆ ಮರದ ಕೆಳಗೆ ಖಾಕಿ ಅಂಗಿ ಮಡಿಸಿಟ್ಟಿತ್ತು. ಆಗಿಲ್ಲದ ತಪ್ಪನ್ನು ಕ್ಷಮಿಸಿ ಎಂದು ಯಾರನ್ನು ಕೇಳುವುದು?

ಕೆಳಗಡೆ ಮತ್ತೆ ಅಕ್ಷರಗಳು ಬರತೊಡಗಿದವು.

“ಯಾರ್ ಯಾರು ಲಾಗಿನ್ ಆಗಿದಾರೆ ಅಂತಲೂ ನೋಡಿದೆ. ನೀನು ನಾನು ಇಬ್ಬರೇ. ಶಿವಣ್ಣ ಎಲ್ಲಿ?”

ನಿಜ ಹೇಳಲು ಎರಡನೆಯ ಅವಕಾಶ ಎಷ್ಟು ಜನಕ್ಕೆ ಸಿಗುತ್ತದೆ? ನನಗೆ ಸಿಕ್ಕಿತ್ತು, ಅದೇ ಲ್ಯಾಬಿನಲ್ಲಿ, ಅದೇ ಮನುಷ್ಯನ ಎದುರು. ‘ಅವರು ತೀರಿಕೊಂಡರು ಸರ್’ ಎಂದು ಅರ್ಧ ಬರೆದು, ಅಳಿಸಿದೆ. ಕಾಣುತ್ತದೆಂದು ಗೊತ್ತಿದ್ದೂ ಅಳಿಸಿದೆ.

“ಟೀಗೆ ಹೋಗಿದಾರೆ ಸರ್. ಬರ್ತಾರೆ.”

ಇಂಗ್ಲಿಷ್ ಅಕ್ಷರದ ಮೇಲೆ ತೋರುಬೆರಳಿಟ್ಟು ಹುಡುಕುವಂತೆ, ಒಂದೊಂದಾಗಿ, ಸರ್ ಉತ್ತರ ಒತ್ತಿದರು.

“ಸರಿ. ಅವನು ಬರೋವರೆಗೂ ಬಾಗಿಲು ಹಾಕಬೇಡ.”

“ಹಾಕಲ್ಲ ಸರ್” ಎಂದು ಬರೆದೆ.